ಓದಲು ಹೋದವರು ಬರೆದದ್ದೇನು?

ಕನ್ನಡದ ಪ್ರವಾಸಸಾಹಿತ್ಯದಲ್ಲಿ ಒಂದು ವಿಚಿತ್ರವಿದೆ. ನಮ್ಮ ವಿಮರ್ಶಕರು ಅದನ್ನು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಕನ್ನಡದ ತರುಣರು ಹೊರದೇಶಗಳಿಗೆ ವಿದ್ಯಾರ್ಜನೆಗೆಂದು ಹೋಗತೊಡಗಿ ನೂರು ವರ್ಷಗಳ ಮೇಲಾಯಿತು. ಲಂಡನ್ನಿಗೆ, ಆಕ್ಸ್‌ಫರ್ಡಿಗೆ, ಬರ್ಮಿಂಗ್‌ಹ್ಯಾಮಿಗೆ, ಹಾರ್ವರ್ಡಿಗೆ ಹೋಗಿ ಓದಿ ಬಂದವರಲ್ಲಿ ನಮ್ಮ ಅತ್ಯುತ್ತಮ ಲೇಖಕರು ಹಲವರಿದ್ದಾರೆ. ಆದರೂ ಪರದೇಶವನ್ನು ಕುರಿತು ನಾವು ಪ್ರೀತಿಯಿಂದ ಓದುವ ಪುಸ್ತಕಗಳು ಬಹುಮಟ್ಟಿಗೆ ವಯಸ್ಸಾದವರು ಬರೆದವು. ‘ಅಪೂರ್ವ ಪಶ್ಚಿಮ’ವನ್ನು ಬರೆಯುವ ಕಾಲಕ್ಕೆ ಶಿವರಾಮ ಕಾರಂತರು ಐವತ್ತರ ಆಸುಪಾಸಿನಲ್ಲಿದ್ದರು. ಎ. ಎನ್. ಮೂರ್ತಿರಾಯರಂತೂ ತಮ್ಮ ಪುಸ್ತಕದ ಹೆಸರಿನಲ್ಲಿಯೇ ವಯಸ್ಸನ್ನು ಒಪ್ಪಿಕೊಂಡು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಕರೆದರು. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಗೊರೂರು ರಾಮಸ್ವಾಮಿ ಅಯ್ಯಂಗಾರರಿಗೆ ಎಪ್ಪತ್ತೈದು ದಾಟಿತ್ತು. ಹುಡುಗರು ಹೋದರು, ಸುಮ್ಮನಿದ್ದರು. ಹಿರಿಯರು ಹೋದರು, ಬರೆದರು. ಇದು ಏಕೆ ಹೀಗೆ?

ಈ ಪ್ರಶ್ನೆ ಕೇವಲ ಪಂಡಿತರದಲ್ಲ. ಬೆಂಗಳೂರಿನ ಪಶ್ಚಿಮಭಾಗದಲ್ಲಿ ವಾಸಿಸುವ ನನ್ನಂಥವರಿಗೆ ಇದು ದಿನನಿತ್ಯದ್ದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಯಾವ ಬೀದಿಯಲ್ಲಿ ನಡೆದರೂ ಮಗನೋ ಮಗಳೋ ಹೊರದೇಶದಲ್ಲಿ ಓದುತ್ತಿರುವ ಮನೆಯೊಂದು ಸಿಕ್ಕೇ ಸಿಕ್ಕುತ್ತದೆ. ಹಿಂದೆ ಕಾರ್ಖಾನೆಯ ಸೈರನ್ನಿಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದ ತಂದೆಯ ಮೊಮ್ಮಕ್ಕಳು ಇಂದು ಟೊರಾಂಟೋದಲ್ಲಿ, ಮ್ಯೂನಿಕ್ಕಿನಲ್ಲಿ, ಗ್ಲಾಸ್ಗೋದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾರೆ. ಓದು ಮುಗಿಯುವ ಕೊನೆಯ ಚಳಿಗಾಲದಲ್ಲಿ ಅವರು ನಾಲ್ಕು ಊರು ಸುತ್ತುತ್ತಾರೆ. ಹೊರಡುವ ಮುನ್ನ ತಾವು ಕಂಡದ್ದನ್ನೂ ಕಲಿತದ್ದನ್ನೂ ಬರೆಯುತ್ತಾರೆ. ಪರಿಚಯದ ಮನೆಗಳಿಂದ ಅಂಥ ಬರಹಗಳು ನನ್ನ ಕೈಗೂ ಬರುವುದುಂಟು. ಕೆಲವು ಇಂಗ್ಲಿಷಿನಲ್ಲಿರುತ್ತವೆ, ಕೆಲವು ಕನ್ನಡದಲ್ಲಿ. ಅವನ್ನು ಮಕ್ಕಳಾಟವೆಂದು ಪಕ್ಕಕ್ಕಿಡುವುದು ಸರಿಯಲ್ಲ. ಅದೊಂದು ಸಾಹಿತ್ಯಪ್ರಕಾರ, ಅದಕ್ಕೆ ಪೂರ್ವಜರಿದ್ದಾರೆ. ಪೂರ್ವಜರು ಏನು ಮಾಡಿದರೆಂದು ನೋಡಿದರೆ ಇಂದಿನವರು ಎಲ್ಲಿ ಗೆಲ್ಲುತ್ತಾರೆ, ಎಲ್ಲಿ ಸೋಲುತ್ತಾರೆ ಎಂಬುದು ತಿಳಿದೀತು.

ಮೊದಲು ಕೈಲಾಸಂ. ಭೂಗರ್ಭಶಾಸ್ತ್ರವನ್ನು ಕಲಿಯಲು ಲಂಡನ್ನಿಗೆ ಹೋಗಿ, ಹಲವು ಚಳಿಗಾಲಗಳನ್ನು ಅಲ್ಲಿ ಕಳೆದು, 1915ರಲ್ಲಿ ಹಿಂದಿರುಗಿದವರು. ಅವರು ಅಲ್ಲಿ ಕಂಡ ಬಂಡೆಗಳಿಗಿಂತ ರಂಗಭೂಮಿ ದೊಡ್ಡದಾಗಿತ್ತೆಂಬುದು ಎಲ್ಲರಿಗೂ ಗೊತ್ತು. ಆದರೆ ಲಂಡನ್ನನ್ನು ವರ್ಣಿಸುವ ಪ್ರವಾಸಕಥನವನ್ನು ಅವರು ನಮಗೆ ಕೊಡಲಿಲ್ಲ. ಕೊಟ್ಟದ್ದು ‘ಟೊಳ್ಳುಗಟ್ಟಿ’ಯನ್ನು; ಬೆಂಗಳೂರಿನ ಮಧ್ಯಮವರ್ಗದ ಹಜಾರವನ್ನು, ಅಡಿಗೆಮನೆಯನ್ನು, ಅಲ್ಲಿ ಆಡುವ ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಮಾತನ್ನು. ದೂರ ಹೋಗಿ ಬಂದ ಕಿವಿಗೆ ಮಾತ್ರ ಆ ಮಾತು ಅಷ್ಟು ಸ್ಪಷ್ಟವಾಗಿ ಕೇಳಿಸೀತು. 1925ರಿಂದ 1928ರವರೆಗೆ ಲಂಡನ್ನಿನಲ್ಲಿ ಓದಿದ ಶ್ರೀರಂಗರ ಕಥೆಯೂ ಬೇರೆಯಲ್ಲ. ಹೋದದ್ದು ಸಂಸ್ಕೃತದ ಉನ್ನತ ವ್ಯಾಸಂಗಕ್ಕೆ. ಬಂದ ಮೇಲೆ ಬೆಳೆದದ್ದು ನಮ್ಮ ಸಮಾಜದ ಸೋಗನ್ನು ಬಯಲಿಗೆಳೆಯುವ ನಾಟಕಗಳು. ಇಬ್ಬರೂ ಹೊರದೇಶದಿಂದ ತಂದದ್ದು ಹೊರದೇಶದ ಚಿತ್ರವನ್ನಲ್ಲ, ಮನೆಯನ್ನು ನೋಡುವ ಹೊಸ ಕಣ್ಣನ್ನು.

ಈ ಮಾತಿಗೆ ಒಂದು ಗಣ್ಯವಾದ ಅಪವಾದವಿದೆ: ವಿನಾಯಕ ಕೃಷ್ಣ ಗೋಕಾಕರು. ಸವಣೂರಿನಲ್ಲಿ ಹುಟ್ಟಿ, ಧಾರವಾಡದ ಗೆಳೆಯರ ಗುಂಪಿನಲ್ಲಿ ಬೆಳೆದು, ಪುಣೆಯಲ್ಲಿ ಅಧ್ಯಾಪಕರಾಗಿದ್ದ ಅವರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದರು. 1938ರಲ್ಲಿ ಪ್ರಥಮವರ್ಗದಲ್ಲಿ ತೇರ್ಗಡೆಯಾಗಿ ಬಂದರು. ಅವರು ಸುಮ್ಮನಿರಲಿಲ್ಲ. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವನ್ನೂ, 1940ರಲ್ಲಿ ‘ಸಮುದ್ರಗೀತೆಗಳು’ ಎಂಬ ಕವನಸಂಗ್ರಹವನ್ನೂ ಕೊಟ್ಟರು. ಹೆಸರುಗಳನ್ನು ಗಮನಿಸಬೇಕು. ಎರಡರಲ್ಲಿಯೂ ಇರುವುದು ಸಮುದ್ರ, ಆಕ್ಸ್‌ಫರ್ಡ್ ಅಲ್ಲ. ಒಳನಾಡಿನ ಬಯಲಿನಿಂದ ಹೋದವನಿಗೆ ಪರದೇಶ ಶುರುವಾಗುವುದು ಪರದೇಶದಲ್ಲಲ್ಲ, ಹಡಗಿನಲ್ಲಿ. ಆ ಕಾಲದ ವಿದ್ಯಾರ್ಥಿಗೆ ಮನೆಗೂ ಕಾಲೇಜಿಗೂ ನಡುವೆ ವಾರಗಟ್ಟಲೆ ನೀರಿತ್ತು. ಬಿಟ್ಟು ಬಂದದ್ದನ್ನು ನೆನೆಯಲು, ಮುಂದಿನದನ್ನು ಹೆದರುತ್ತ ಕಾಯಲು, ಇಲ್ಲಿಯವನೂ ಅಲ್ಲ ಅಲ್ಲಿಯವನೂ ಅಲ್ಲ ಎಂಬ ಸ್ಥಿತಿಯಲ್ಲಿ ಸುಮ್ಮನೆ ಇರಲು ಅಷ್ಟು ದಿನಗಳು ಸಿಕ್ಕುತ್ತಿದ್ದವು. ಆ ಬಿಡುವೇ ಗೋಕಾಕರ ಕಾವ್ಯವಾಯಿತು. ಕಡಲಿನ ಏರಿಳಿತವನ್ನು ಹಿಡಿಯಲು ಹಳೆಯ ಛಂದಸ್ಸಿನ ಪಾತ್ರೆ ಸಾಲದೆ ಅವರು ಮುಕ್ತಛಂದವನ್ನು ಕೈಗೆತ್ತಿಕೊಂಡರು. ಸುಮಾರು ಹತ್ತು ವರ್ಷಗಳ ಮೇಲೆ, ಮುಂಬಯಿ ಸಮ್ಮೇಳನದಲ್ಲಿ, ನವ್ಯಕಾವ್ಯದ ಮಾತನ್ನು ಎತ್ತಿದರು. ಒಬ್ಬ ವಿದ್ಯಾರ್ಥಿಯ ಪ್ರಯಾಣ ಒಂದು ಭಾಷೆಯ ಪದ್ಯದ ನಡಿಗೆಯನ್ನೇ ಬದಲಿಸಲು ಕಾರಣವಾದ ಉದಾಹರಣೆ ನಮ್ಮಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇಲ್ಲ. ಅವರೇ 1966ರಿಂದ 1969ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಕೆಂಗೇರಿಯ ದಾರಿಯಲ್ಲಿ ಜ್ಞಾನಭಾರತಿಯ ಮರಗಳ ನಡುವೆ ಓದುವ ಹುಡುಗರು, ಅಲ್ಲಿಂದ ಮುಂದೆ ಸಮುದ್ರ ದಾಟುವ ಮುನ್ನ, ಈ ಎರಡು ಪುಸ್ತಕಗಳನ್ನು ಒಮ್ಮೆ ತೆರೆದು ನೋಡಿದರೆ ನಷ್ಟವೇನೂ ಇಲ್ಲ.

ಸಮುದ್ರವನ್ನು ಕನ್ನಡಕ್ಕೆ ತಂದದ್ದಾಯಿತು. ಚಳಿಗಾಲವನ್ನು? ಇಲ್ಲಿ ಭಾಷೆಯೇ ಒಂದು ತೊಡಕನ್ನು ಒಡ್ಡುತ್ತದೆ. ನಮಗೆ ಚಳಿಗಾಲವೆಂದರೆ ಮಾಗಿ. ಅವರೆಕಾಯಿಯ ಕಾಲ, ಕಡಲೆಕಾಯಿ ಪರಿಷೆಯ ಕಾಲ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಮೆ ಉಷ್ಣತೆ 7.8 ಡಿಗ್ರಿ, ಅದು 1884ರ ಜನವರಿಯ ಮಾತು. ನಮ್ಮ ಕವಿಗಳು ಕಂಡ ಚಳಿ ಕಂಬಳಿಗೆ ತಗ್ಗುವ ಚಳಿ. ಬೆಳಗಿನ ಕಾವಳಕ್ಕೂ ‘ಮಂಜು’, ಆಕಾಶದಿಂದ ಬೀಳುವ ಬಿಳಿಯ ಹಿಮಕ್ಕೂ ‘ಮಂಜು’, ಹೆಪ್ಪುಗಟ್ಟಿದ ನೀರಿಗೂ ‘ಮಂಜುಗಡ್ಡೆ’. ‘ಹಿಮ’ವೆಂದರೆ ತಕ್ಷಣ ಹಿಮಾಲಯ ಬಂದು ನಿಲ್ಲುತ್ತದೆ, ಅದರ ಹಿಂದೆ ಪುರಾಣ. ಕಾಲಡಿಯಲ್ಲಿ ಕರಗಿ ಕೆಸರಾದ, ಬೂಟಿನೊಳಗೆ ನುಗ್ಗುವ ಬೀದಿಯ ಹಿಮಕ್ಕೆ ನಮ್ಮಲ್ಲಿ ಮಾತಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಕವಿಯುವ ಕತ್ತಲೆಗೆ ಮಾತಿಲ್ಲ. ‘ಸಂಜೆ’ಯೆಂದರೆ ದೀಪ ಹಚ್ಚುವ ಹೊತ್ತು, ಅದರಲ್ಲಿ ಮನೆಯಿದೆ. ಆದ್ದರಿಂದ ಕನ್ನಡದಲ್ಲಿ ಪರದೇಶದ ಚಳಿಗಾಲವನ್ನು ಬರೆಯುವವನು ಪ್ರತಿಯೊಂದು ಪದವನ್ನೂ ತೊಳೆದು ಬಳಸಬೇಕಾಗುತ್ತದೆ. ಈ ಶ್ರಮಕ್ಕೆ ಒಪ್ಪದವರು ಸಲೀಸಾಗಿ ಹಿಮಾಲಯದ ವರ್ಣನೆಯನ್ನೇ ತಂದು ಲಂಡನ್ನಿನ ಮೇಲೆ ಹೊದಿಸಿಬಿಡುತ್ತಾರೆ.

ಚಳಿಗಾಲದ ಪ್ರವಾಸದ ಬಗ್ಗೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಆಕ್ಸ್‌ಫರ್ಡಿನಲ್ಲಿ ಪಾಠದ ಅವಧಿ ಎಂಟೆಂಟು ವಾರಗಳ ಮೂರು ಭಾಗ. ಡಿಸೆಂಬರಿನಲ್ಲಿ ಸುಮಾರು ಆರು ವಾರ ರಜೆ. ಇಂಗ್ಲಿಷ್ ಹುಡುಗರು ಮನೆಗೆ ಹೋಗುತ್ತಾರೆ, ಕಾಲೇಜಿನ ಕೊಠಡಿಗಳು ಮುಚ್ಚುತ್ತವೆ, ಭೋಜನಶಾಲೆ ನಿಲ್ಲುತ್ತದೆ, ಊರು ಖಾಲಿಯಾಗುತ್ತದೆ. ಹಿಂದಿನ ಕಾಲದ ಭಾರತೀಯ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಮನೆ ಹಡಗಿನ ಪ್ರಯಾಣದ ಆಚೆ ಇದೆ. ಕೈಯಲ್ಲಿ ಹಣವಿಲ್ಲ, ಅರವತ್ತರ ದಶಕದಲ್ಲಿ ವಿದೇಶೀ ವಿನಿಮಯದ ಬಿಗಿಯಿಂದಾಗಿ ಮೂರು ಪೌಂಡು ಜೇಬಿನಲ್ಲಿಟ್ಟುಕೊಂಡು ದೇಶ ಬಿಟ್ಟವರ ಕಥೆಗಳನ್ನು ನಾವು ಕೇಳಿಯೇ ಇದ್ದೇವೆ. ಹೀಗಾಗಿ ಅವನ ಚಳಿಗಾಲದ ಪ್ರವಾಸ ಸಿರಿವಂತನ ವಿಹಾರವಲ್ಲ, ಇರಲು ಜಾಗವಿಲ್ಲದವನ ಅಲೆದಾಟ. ಅಗ್ಗದ ರೈಲು, ಯಾರೋ ಕೊಟ್ಟ ವಿಳಾಸ, ವಸ್ತುಸಂಗ್ರಹಾಲಯದ ಬೆಚ್ಚನೆಯ ಮೂಲೆ. ಹಿರಿಯರ ಪ್ರವಾಸಕಥನಗಳಲ್ಲಿ ಈ ಅಲೆದಾಟ ಬರುವುದಿಲ್ಲ. ಅವರಿಗೆ ಅತಿಥಿಗೃಹವಿರುತ್ತದೆ, ಇಲ್ಲವೆ ಮಗನ ಮನೆ ಇರುತ್ತದೆ. ಅವರ ನಗೆಯ ಪ್ರಸನ್ನತೆಗೆ ಆ ಬೆಚ್ಚನೆಯ ಮನೆಯೂ ಒಂದು ಕಾರಣ ಎಂದರೆ ಅವರ ಘನತೆಗೆ ಕುಂದಲ್ಲ.

1962ರ ಡಿಸೆಂಬರಿನ ಕೊನೆಯಿಂದ 1963ರ ಮಾರ್ಚಿಯವರೆಗೆ ಇಂಗ್ಲೆಂಡನ್ನು ಹಿಡಿದ ಚಳಿ ಇನ್ನೂರು ವರ್ಷಗಳಲ್ಲಿ ಕಂಡರಿಯದ್ದು. ಆಕ್ಸ್‌ಫರ್ಡಿನಲ್ಲಿ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಕಾರನ್ನೇ ಓಡಿಸಿದರು. ಆಗ ಅಲ್ಲಿ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಓದುತ್ತಿದ್ದರು. ಆದರೆ ಅವರನ್ನು ನಾವು ಆ ಕಾಲಕ್ಕಾಗಿ ನೆನೆಯುವುದು ಹಿಮಕ್ಕಲ್ಲ, ‘ಯಯಾತಿ’ಗೆ. ಈ ನಾಟಕ ಹುಟ್ಟಿದ ಬಗೆಯನ್ನು ಕಾರ್ನಾಡರೇ ಹಲವೆಡೆ ಹೇಳಿದ್ದಾರೆ: ಇಂಗ್ಲೆಂಡಿಗೆ ಹೊರಡುವ ಸಿದ್ಧತೆಯ ದಿನಗಳು, ಮಗ ಹಿಂದಿರುಗುವನೋ ಇಲ್ಲವೋ ಎಂಬ ಹಿರಿಯರ ಕಳವಳ, ಆ ಬಿಗಿಯ ನಡುವೆ ಇಂಗ್ಲಿಷಿನ ಕವಿಯಾಗಬೇಕೆಂದಿದ್ದವನ ಕೈಯಿಂದ ತಾನಾಗಿ ಬಂದ ಕನ್ನಡ ನಾಟಕ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಪ್ರಕಟಿಸಿತು.

ನನ್ನ ದೃಷ್ಟಿಯಲ್ಲಿ ಕನ್ನಡದಲ್ಲಿ ಬಂದಿರುವ ವಿದ್ಯಾರ್ಥಿಯ ವಿದಾಯದ ಬರಹಗಳಲ್ಲಿ ‘ಯಯಾತಿ’ ಶ್ರೇಷ್ಠವಾದದ್ದು. ಅದರಲ್ಲಿ ಹಡಗಿಲ್ಲ, ಆಕ್ಸ್‌ಫರ್ಡಿಲ್ಲ, ಕಣ್ಣೀರಿನ ಕೈಬೀಸುವಿಕೆಯಿಲ್ಲ. ಆದರೆ ಹೊರಟುನಿಂತ ಮಗನೊಬ್ಬ, ತಂದೆಯ ಮುಪ್ಪನ್ನು ಹೊತ್ತು ಉಳಿದುಕೊಳ್ಳುವ ಮಗನ ಕಥೆಯನ್ನು ಬರೆಯುತ್ತಾನೆ. ತಾನು ಮಾಡದೆ ಹೋಗುತ್ತಿರುವುದನ್ನು ಪುರುವಿನಿಂದ ಮಾಡಿಸುತ್ತಾನೆ. ಹಾಗೆಂದು ಪುರುವನ್ನು ಹೊಗಳಿ ಕೈ ತೊಳೆದುಕೊಳ್ಳುವುದಿಲ್ಲ. ಚಿತ್ರಲೇಖೆಯ ಸಾವಿನಿಂದ ಆ ತ್ಯಾಗದ ಬೆಲೆಯನ್ನು ತೆತ್ತವರಾರು ಎಂಬ ಪ್ರಶ್ನೆಯನ್ನು ಎತ್ತುತ್ತಾನೆ. ಹೋಗುವವನ ತಪ್ಪಿತಸ್ಥ ಭಾವವನ್ನೂ, ಉಳಿಯುವವನ ತ್ಯಾಗದ ಅಹಂಕಾರವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಈ ಕೃತಿಯನ್ನು ಇಪ್ಪತ್ತೆರಡು ಇಪ್ಪತ್ತಮೂರರ ತರುಣ ಬರೆದದ್ದು ನಿಜಕ್ಕೂ ಆಶ್ಚರ್ಯ.

ಅದರ ಬೆನ್ನಿಗೇ ಇನ್ನೊಂದು. ಯು. ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ಚಿತ್ರವನ್ನು ನೋಡಿದರು. ಅದನ್ನು ಕುರಿತು ತಮ್ಮ ಅಧ್ಯಾಪಕ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಆಡಿದ ಮಾತಿನಿಂದ ‘ಸಂಸ್ಕಾರ’ದ ಬೀಜ ಸಿಕ್ಕಿತು. ಕಾದಂಬರಿ 1965ರಲ್ಲಿ ಬಂತು. ಬರ್ಮಿಂಗ್‌ಹ್ಯಾಮಿನಂಥ ಮಂಕು ಬೆಳಕಿನ ಕೈಗಾರಿಕಾ ನಗರದಲ್ಲಿ ಕೂತು ಬರೆದ ಪುಸ್ತಕದಲ್ಲಿ ಇರುವುದೇನು? ಮಲೆನಾಡಿನ ಸುಡುವ ಬಿಸಿಲು, ಹೆಣದ ವಾಸನೆ, ಅಗ್ರಹಾರದ ಜಗಲಿ. ಕೊನೆಯ ಭಾಗದಲ್ಲಿ ಪ್ರಾಣೇಶಾಚಾರ್ಯರು ಊರು ಬಿಟ್ಟು ಗೊತ್ತುಗುರಿಯಿಲ್ಲದೆ ನಡೆಯುತ್ತಾರೆ. ಜಾತ್ರೆಯಲ್ಲಿ ಅಪರಿಚಿತರ ನಡುವೆ, ತನ್ನನ್ನು ಯಾರಾದರೂ ಗುರುತಿಸಿಯಾರೆಂಬ ಅಂಜಿಕೆಯಲ್ಲಿ, ಯಾರೂ ಗುರುತಿಸದಿದ್ದರೆಂಬ ಶೂನ್ಯದಲ್ಲಿ ತಿರುಗುತ್ತಾರೆ. ಈ ಭಾಗವನ್ನು ಓದುವಾಗಲೆಲ್ಲ ನನಗೆ ರಜೆಯಲ್ಲಿ ಖಾಲಿಯಾದ ಊರಿನ ಪರದೇಶಿ ವಿದ್ಯಾರ್ಥಿಯ ನೆನಪಾಗುತ್ತದೆ. ಲೇಖಕರು ಅದನ್ನೇ ಮನಸ್ಸಿನಲ್ಲಿಟ್ಟು ಬರೆದರೆಂದು ನಾನು ಹೇಳುತ್ತಿಲ್ಲ. ಅಂಥ ಮಾತಿಗೆ ಆಧಾರವೂ ಬೇಕಿಲ್ಲ. ಮನೆಯ ಆಚಾರದ ಆಸರೆ ಕಳಚಿದ ಮನುಷ್ಯನ ಒಂಟಿತನವನ್ನು ಅಷ್ಟು ಒಳಗಿನಿಂದ ಕಾಣಲು ಆ ದೂರ ನೆರವಾಯಿತೆಂದಷ್ಟೇ ನನ್ನ ಅಭಿಪ್ರಾಯ.

ಇಲ್ಲಿ ಇತಿಹಾಸದ ಒಂದು ಸೊಗಸಾದ ಕಾಕತಾಳೀಯವಿದೆ. ಬರ್ಮಿಂಗ್‌ಹ್ಯಾಮಿನ ವಿದ್ಯಾರ್ಥಿ ಬರೆದ ಈ ಕಾದಂಬರಿ 1970ರಲ್ಲಿ ಚಲನಚಿತ್ರವಾದಾಗ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರಾಗಿ ನಟಿಸಿದವರು ಆಕ್ಸ್‌ಫರ್ಡಿನ ವಿದ್ಯಾರ್ಥಿಯಾಗಿದ್ದ ಕಾರ್ನಾಡರು. 1976ರಲ್ಲಿ ಅದು ಇಂಗ್ಲಿಷಿಗೆ ಬಂದಾಗ ಅನುವಾದಿಸಿದವರು, 1959ರಲ್ಲಿ ಅಮೆರಿಕಕ್ಕೆ ಓದಲು ಹೋಗಿ ಅಲ್ಲಿಯೇ ನೆಲೆಸಿದ ಎ. ಕೆ. ರಾಮಾನುಜನ್. ಮೈಸೂರಿನಲ್ಲಿ ಹುಟ್ಟಿದ ರಾಮಾನುಜನ್ ತಮ್ಮ ಕನ್ನಡ ಕವನಗಳ ಮೊದಲ ಸಂಗ್ರಹಕ್ಕೆ ‘ಹೊಕ್ಕುಳಲ್ಲಿ ಹೂವಿಲ್ಲ’ ಎಂದು ಹೆಸರಿಟ್ಟದ್ದು 1969ರಲ್ಲಿ, ಷಿಕಾಗೋದಲ್ಲಿದ್ದಾಗ. ಬೇರಿಗೂ ಹೂವಿಗೂ ನಡುವಣ ಬಳ್ಳಿಯ ಚಿಂತೆ ಆ ಹೆಸರಿನಲ್ಲಿಯೇ ಇದೆ. ಹೋದವರು, ಹಿಂದಿರುಗಿದವರು, ಹಿಂದಿರುಗದವರು ಮೂವರೂ ಸೇರಿ ಒಂದು ಅಗ್ರಹಾರದ ಕಥೆಯನ್ನು ಜಗತ್ತಿಗೆ ಕೊಟ್ಟರು.

ಹಾಗಾದರೆ ನಮ್ಮ ವಿದ್ಯಾರ್ಥಿಗಳು ಮೌನವಾಗಿರಲಿಲ್ಲ, ಬೇರೆ ವೇಷದಲ್ಲಿ ಮಾತನಾಡಿದರು ಎಂದು ಹೇಳಿ ಮುಗಿಸಬಹುದೆ? ಮುಗಿಸಬಹುದಿತ್ತು, ಆದರೆ ಈ ವೇಷಾಂತರದಲ್ಲಿ ಕೆಲವು ನಷ್ಟಗಳಿವೆ. ಕಾರ್ನಾಡರ ‘ಆಡಾಡತ ಆಯುಷ್ಯ’ 2011ರಲ್ಲಿ, ಅನಂತಮೂರ್ತಿಯವರ ‘ಸುರಗಿ’ 2012ರಲ್ಲಿ ಬಂದವು. ಎಂದರೆ ಆ ಚಳಿಗಾಲಗಳು ನೇರವಾಗಿ ಬರವಣಿಗೆಗೆ ಇಳಿಯಲು ನಲವತ್ತೈದು ವರ್ಷಗಳಿಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತಿಗೆ ಭಯ ಕಥೆಯಾಗಿರುತ್ತದೆ, ಅವಮಾನ ವಿನೋದವಾಗಿರುತ್ತದೆ. ಪರೀಕ್ಷೆಯಲ್ಲಿ ಸೋತರೇನು ಗತಿ ಎಂದು ರಾತ್ರಿ ಎದ್ದು ಕೂತ ಹುಡುಗನ ಮಾತು ಅಲ್ಲಿ ಸಿಕ್ಕುವುದಿಲ್ಲ. ಗೆದ್ದ ಮೇಲಿನ ಹಿರಿಯರ ಮಾತು ಸಿಕ್ಕುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಹೆಣ್ಣುಮಕ್ಕಳದು. ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿಯೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಇಂಜಿನಿಯರಿಂಗಿನಲ್ಲಿ ಡಾಕ್ಟರೇಟ್ ಪಡೆದು ಬಂದು ನಮ್ಮ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಅಧ್ಯಾಪಕರಾದವರು. ಅಂಥ ವಿದ್ಯಾರ್ಥಿನಿಯರ ಚಳಿಗಾಲಗಳು ನಮ್ಮ ಸಾಹಿತ್ಯಚರ್ಚೆಯಲ್ಲಿ ಇಂದಿಗೂ ಜಾಗ ಪಡೆದಿಲ್ಲ.

ಈ ಹಿನ್ನೆಲೆಯಲ್ಲಿ ಇಂದಿನ ಹುಡುಗ ಹುಡುಗಿಯರ ಬರಹಗಳನ್ನು ನೋಡಬೇಕು. ಅವರಿಗೆ ಹಡಗಿನ ವಾರಗಳಿಲ್ಲ. ರಾತ್ರಿ ವಿಜಯನಗರದಲ್ಲಿ ಊಟ ಮುಗಿಸಿ ದೇವನಹಳ್ಳಿಗೆ ಹೊರಟರೆ ಮರುದಿನ ಹಿಮದಲ್ಲಿ ನಿಂತಿರುತ್ತಾರೆ. ಏರೋಗ್ರಾಮಿನ ನೀಲಿ ಹಾಳೆಯೂ ಇಲ್ಲ. ಮೂರು ಮಡಿಕೆಯ ಆ ಒಂದೇ ಹಾಳೆಯಲ್ಲಿ ಏನು ಬರೆಯಬೇಕು, ಏನು ಬಿಡಬೇಕು ಎಂದು ಆರಿಸುವುದೇ ಒಂದು ಶಿಕ್ಷಣವಾಗಿತ್ತು. ತಾಯಿ ಓದುತ್ತಾಳೆಂದು ಹಸಿವನ್ನು ಬಿಟ್ಟು ಹವೆಯನ್ನು ಬರೆಯುತ್ತಿದ್ದರು. ಈಗ ದಿನವೂ ಮುಖ ನೋಡಿ ಮಾತನಾಡುತ್ತಾರೆ. ಆದರೂ ಹೇಳದೆ ಬಿಟ್ಟದ್ದು ಅಷ್ಟೇ ಇರುತ್ತದೆ. ಅದು ಹೊರಬರುವುದು ಈ ಕೊನೆಯ ಬರಹದಲ್ಲಿ. ಆದ್ದರಿಂದಲೇ ಅದಕ್ಕೆ ಬೆಲೆ.

ನಾನು ಓದಿದ ಮಟ್ಟಿಗೆ ಇವುಗಳಲ್ಲಿ ಮೂರು ದೋಷಗಳು ಪದೇಪದೇ ಕಾಣುತ್ತವೆ. ಮೊದಲನೆಯದು ಪಟ್ಟಿ: ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಎಂದು ಒಂದು ವಾರಕ್ಕೆ ಮೂರು ಊರು, ಯಾವ ಊರಿನಲ್ಲಿಯೂ ಬೂಟು ಒದ್ದೆಯಾಗುವುದಿಲ್ಲ. ಎರಡನೆಯದು ತುಲನೆ: ಅಲ್ಲಿನ ರಸ್ತೆ, ಇಲ್ಲಿನ ರಸ್ತೆ, ಅಲ್ಲಿನ ಶಿಸ್ತು, ಇಲ್ಲಿನ ಅಶಿಸ್ತು. ಇದಕ್ಕೆ ಪರದೇಶಕ್ಕೆ ಹೋಗಬೇಕಾಗಿಯೇ ಇಲ್ಲ. ಮೂರನೆಯದು ಪಾಠ: ‘ನಾನು ಕಲಿತದ್ದು ಇಷ್ಟು’ ಎಂದು ಲೆಕ್ಕ ಒಪ್ಪಿಸುವುದು. ಸಾಲ ಮಾಡಿ ಕಳಿಸಿದ ಮನೆಗೆ ಲೆಕ್ಕ ಕೊಡಬೇಕೆಂಬ ಪ್ರಾಮಾಣಿಕತೆ ಅದರ ಹಿಂದಿದೆಯೆಂಬುದನ್ನು ಬಲ್ಲೆ. ಆದರೆ ಸಾಹಿತ್ಯ ಹುಟ್ಟುವುದು ಲೆಕ್ಕ ತಾಳೆಯಾಗದ ಜಾಗದಲ್ಲಿ.

ಗುಣಗಳೂ ಇವೆ. ಗೋಕಾಕರ ಕಾಲದವರು ಕಾಣದಿದ್ದ ಒಂದನ್ನು ಇವರು ಕಾಣುತ್ತಾರೆ: ದುಡಿಮೆ. ಪಾತ್ರೆ ತೊಳೆದ, ಗೋದಾಮಿನಲ್ಲಿ ರಾತ್ರಿಪಾಳಿ ಮಾಡಿದ, ಬೆಳಗಿನ ಜಾವ ಬಸ್ಸಿಗಾಗಿ ಕಾದ ಸಾಲುಗಳು ಬಂದಾಗ ಬರಹ ತಟ್ಟನೆ ನೆಲಕ್ಕೆ ತಾಗುತ್ತದೆ. ಅಲ್ಲಿ ಭಾಷೆಯೂ ಸರಳವಾಗುತ್ತದೆ, ಮಂಜಿಗೆ ಹಿಮಾಲಯದ ಉಪಮೆ ಬರುವುದಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮಾಡಿದ ಅಜ್ಜನಿಗೂ ಆ ಮೊಮ್ಮಗಳಿಗೂ ನಡುವೆ ಆಗ ಒಂದು ಮಾತಿಲ್ಲದ ಸಂಬಂಧ ಏರ್ಪಡುತ್ತದೆ. ಇಂಥ ಬರಹಗಳಲ್ಲಿ ನನ್ನ ಭರವಸೆ ಇರುವುದು ಈ ಸಾಲುಗಳಲ್ಲಿ.

ಒಂದು ಮಾತು ಉಳಿಯಿತು. ಬೀಳ್ಕೊಡುವುದು ಯಾರನ್ನು? ಈ ಬರಹಗಳು ಮೇಲುನೋಟಕ್ಕೆ ವಿಶ್ವವಿದ್ಯಾಲಯಕ್ಕೆ, ಗೆಳೆಯರಿಗೆ, ಆ ಊರಿಗೆ ವಿದಾಯ ಹೇಳುತ್ತವೆ. ಆದರೆ ಅವರಲ್ಲಿ ಅನೇಕರು ಹಿಂದಿರುಗುವುದಿಲ್ಲ. ಕೆಲಸ ಹುಡುಕಿ ಇನ್ನೊಂದು ಊರಿಗೆ ಹೋಗುತ್ತಾರೆ. ಹಾಗಿರುವಾಗ ನಿಜವಾದ ವಿದಾಯ ಬಸವೇಶ್ವರನಗರದ ಮನೆಗೆ, ಅಲ್ಲಿ ಮಹಡಿಯ ಮೇಲೆ ಖಾಲಿ ಬಿದ್ದಿರುವ ಕೋಣೆಗೆ, ಅದನ್ನು ದಿನವೂ ಗುಡಿಸುವ ತಾಯಿಗೆ. ಅದನ್ನು ಹೇಳುವ ಧೈರ್ಯ ಬರಹಕ್ಕೆ ಬರುವುದಿಲ್ಲ. ‘ಬೇಗ ಬರುತ್ತೇನೆ’ ಎಂದು ಮುಗಿಯುತ್ತದೆ. ಕಾರ್ನಾಡರು ಹೊರಡುವ ಮುನ್ನವೇ ಆ ಮಾತನ್ನು ಎದುರಿಸಿ ಬರೆದರು, ಆಮೇಲೆ ಹಿಂದಿರುಗಿಯೂ ಬಂದರು. ಹಿಂದಿರುಗಲೇಬೇಕೆಂದು ಉಪದೇಶಿಸುವುದು ವಿಮರ್ಶೆಯ ಕೆಲಸವಲ್ಲ. ರಾಮಾನುಜನ್ ಹಿಂದಿರುಗದೆಯೂ ಕನ್ನಡದ ಋಣವನ್ನು ತೀರಿಸಿದರು. ಆದರೆ ಹೋಗುತ್ತಿದ್ದೇನೆ ಎಂಬುದನ್ನು ಹೋಗುತ್ತಿದ್ದೇನೆ ಎಂದೇ ಬರೆಯಬೇಕು, ಅದೂ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಬರೆದ ವಿದಾಯವನ್ನು ಅಜ್ಜಿ ಓದಲಾರಳು. ಕನ್ನಡದಲ್ಲಿ ನಿಜ ಹೇಳಿ ಬರೆದ ಒಂದು ಪುಟ ಮನೆಗೆ ನೋವು ತಂದೀತು; ಆದರೆ ಆ ಪುಟವನ್ನು ಮನೆಯವರು ಎತ್ತಿಡುತ್ತಾರೆ. ಹಾಗೆ ಎತ್ತಿಟ್ಟ ಪುಟಗಳೇ ಮುಂದೆ ಸಾಹಿತ್ಯವೆನಿಸಿಕೊಳ್ಳುವುದು.